ಕೋಣೆ 24 ಡಿಗ್ರಿ, ಕೇಜಿನೊಳಗೆ ಎಷ್ಟು?

ಕೋಲಾರ, ತುಮಕೂರು ಕಡೆಯ ಫಾರ್ಮಸಿ, ಮೆಡಿಕಲ್ ಕಾಲೇಜುಗಳ ಅನಿಮಲ್ ಹೌಸ್ (ಪ್ರಯೋಗದ ಪ್ರಾಣಿಗಳನ್ನು ಸಾಕುವ ಜಾಗ) ಅಂದರೆ ಸಾಮಾನ್ಯವಾಗಿ ಎರಡು-ಮೂರು ಕೋಣೆ, ನಾಲ್ಕಾರು ರ‍್ಯಾಕು, ಒಬ್ಬ ಅಟೆಂಡರ್, ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ ಒಂದು ರಿಜಿಸ್ಟರ್. ಉಷ್ಣಾಂಶ 24, ತೇವಾಂಶ 55, ಸಹಿ. ಮರುದಿನವೂ 24, 55, ಸಹಿ. ಬರೆದದ್ದು ಸುಳ್ಳು ಅಂತಲ್ಲ. ಬೆಳಿಗ್ಗೆ ಹತ್ತಕ್ಕೆ, ಎಸಿ ಹಾಕಿ ಅರ್ಧ ಗಂಟೆಯಾದ ಮೇಲೆ, ಆಳೆತ್ತರದಲ್ಲಿ ಗೋಡೆಗೆ ಹೊಡೆದ ಮಾಪಕ ಅಷ್ಟನ್ನೇ ತೋರಿಸುತ್ತದೆ. ಇಲಿ ಮಾತ್ರ ಇರುವುದು 41 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಡಬ್ಬಿಯಲ್ಲಿ, ತಳಕ್ಕೆ ಹಾಸಿದ ಒದ್ದೆ ಹೊಟ್ಟಿಗೆ ಮೂಗು ತಾಗುವಷ್ಟು ಹತ್ತಿರ, ಎಚ್ಚರವಾಗಿರುವುದು ರಾತ್ರಿ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಕೇಜಿನ ಒಳಗಿನ ಲೆಕ್ಕ. ಇಲಿ ಅಂದರೆ ವಿಸ್ಟಾರ್, ಸ್ಪ್ರಾಗ್ ಡಾಲಿ ತರಹದ ಬಿಳಿ ಇಲಿ, ಸುಂಡಿಲಿ ಅಂದರೆ ಸ್ವಿಸ್ ಆಲ್ಬಿನೊ ಮತ್ತು ಅದರ ಬಳಗ ಅಂತ ಓದಿಕೊಳ್ಳಿ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರಡಿ 1998ರ ನಿಯಮಗಳು, ಮೇಲುಸ್ತುವಾರಿಗೆ ಕೇಂದ್ರದ ಪ್ರಾಣಿ ಪ್ರಯೋಗ ನಿಯಂತ್ರಣ ಸಮಿತಿಯಾದ ಸಿಪಿಸಿಎಸ್‌ಇಎ (ಈಗ ಸಿಸಿಎಸ್‌ಇಎ), ಸಂಸ್ಥೆಗೊಂದು ಪ್ರಾಣಿ ನೈತಿಕ ಸಮಿತಿ. ಈ ಚೌಕಟ್ಟು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಕೇಂದ್ರ ಸಮಿತಿಯ ಮಾರ್ಗಸೂಚಿ ಹೇಳುವುದು 18ರಿಂದ 29 ಡಿಗ್ರಿ, ಶೇ. 30ರಿಂದ 70 ತೇವಾಂಶ, ಗಂಟೆಗೆ 12ರಿಂದ 15 ಸಲ ಕೋಣೆಯ ಗಾಳಿ ಬದಲಾಗಬೇಕು ಅಂತ. ಆದರೆ ಸುಂಡಿಲಿಗೆ 18 ಬೇರೆ, 29 ಬೇರೆ. ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚುವರಿ ಶಕ್ತಿ ಸುಡಬೇಕಿಲ್ಲದ ಉಷ್ಣಾಂಶ ಅದಕ್ಕೆ 30ರ ಆಸುಪಾಸು. 20-22ರಲ್ಲಿ ಅದು ದಿನವಿಡೀ ಚಳಿಯ ಜೊತೆ ಗುದ್ದಾಡುತ್ತದೆ: ಹೆಚ್ಚು ತಿನ್ನುತ್ತದೆ, ಎದೆಬಡಿತ ಜೋರಾಗುತ್ತದೆ. 22ರಲ್ಲಿಟ್ಟ ಸುಂಡಿಲಿಗಳಿಗಿಂತ 30ರಲ್ಲಿಟ್ಟವುಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು ಅಂತ 2013ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಕ್ಯಾನ್ಸರ್ ಔಷಧ ಪರೀಕ್ಷಿಸುವವರು ಎಸಿ ರಿಮೋಟನ್ನೂ ಪ್ರಯೋಗದ ಸಾಮಗ್ರಿ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಕಡೆ ಸಾಮಾನ್ಯವಾಗಿ ಆಗುವ ಎಡವಟ್ಟು ಎರಡು. ಏಪ್ರನ್, ಮಾಸ್ಕ್, ಗ್ಲೌಸ್ ಹಾಕಿಕೊಂಡವರಿಗೆ ಸೆಕೆಯಾಗುತ್ತದೆ ಅಂತ ಎಸಿಯನ್ನು 20ಕ್ಕೆ ಇಳಿಸುವುದು ಒಂದು. ಸಂಜೆ ಐದಕ್ಕೆ ಆಫೀಸು ಮುಚ್ಚುವಾಗ ಅದನ್ನು ಆರಿಸಿ ಹೋಗುವುದು ಇನ್ನೊಂದು. ಆಗ ಏಪ್ರಿಲ್‌ನಲ್ಲಿ ಹಗಲು 20, ರಾತ್ರಿ 31. ಡಿಸೆಂಬರ್-ಜನವರಿಯಲ್ಲಿ ಹೊರಗಿನ ರಾತ್ರಿ 15ಕ್ಕಿಂತ ಕೆಳಗಿಳಿಯುವ ಊರುಗಳು ಇವು. ತಗಡಿನ ಚಾವಣಿ ಇದ್ದರೆ ಕೋಣೆಯೂ ಹಿಂದೆಯೇ ಇಳಿಯುತ್ತದೆ. ಒಂದೇ ಮಟ್ಟದಲ್ಲಿ ನಿಂತ 26, ಹೀಗೆ ಉಯ್ಯಾಲೆ ಆಡುವ ಉಷ್ಣಾಂಶಕ್ಕಿಂತ ಎಷ್ಟೋ ವಾಸಿ. ಮ್ಯಾಕ್ಸಿಮಮ್-ಮಿನಿಮಮ್ ಥರ್ಮಾಮೀಟರ್ ದುಬಾರಿಯ ವಸ್ತುವಲ್ಲ. ಅದನ್ನು ರ‍್ಯಾಕಿನ ನಡು ತಟ್ಟೆಯಲ್ಲಿ ಕೇಜುಗಳ ಮಧ್ಯೆ ಇಡಿ, ದಿನಕ್ಕೊಮ್ಮೆ ಎರಡೂ ಅಂಕಿ ಬರೆದು ರೀಸೆಟ್ ಮಾಡಿ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತಾಗ ಮನೆಯ ನಡುವಿನ ಗಾಳಿಯನ್ನಲ್ಲ, ತಟ್ಟೆಯ ಮೇಲಿನ ಗಾಳಿಯನ್ನು ನೋಡುತ್ತಾರಲ್ಲ, ಇದೂ ಅದೇ ಲೆಕ್ಕ.

ಸುಂಡಿಲಿಗೆ ಚಳಿಯಾಗುತ್ತಿದೆಯೇ ಅಂತ ತಿಳಿಯಲು ಅದಕ್ಕೇ ಸಾಮಾನು ಕೊಟ್ಟುಬಿಡುವುದು ಸುಲಭದ ದಾರಿ. ಕೇಜಿಗೆ 8ರಿಂದ 10 ಗ್ರಾಂ ಮೆತ್ತನೆಯ ಕಾಗದ, ಅಂದರೆ ಬಣ್ಣ-ವಾಸನೆ ಇಲ್ಲದ ಟಿಶ್ಯೂ ಅಥವಾ ಸಣ್ಣ ಪಟ್ಟಿಗಳಾಗಿ ಕತ್ತರಿಸಿದ ಬಿಳಿ ಕಾಗದ, ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಸೋಂಕು ಕಳೆದು, ಹಾಕಿ. ಒಂದೆರಡು ಚೂರು ಹಾಕಿ ಕೈತೊಳೆದುಕೊಂಡರೆ ಗೂಡಾಗುವುದಿಲ್ಲ, ತೂಕ ಮಾಡಿಯೇ ಹಾಕಬೇಕು. ಮರುದಿನ ನೋಡಿ. ಕಾಗದ ಮುಟ್ಟದೆ ಬಿದ್ದಿದ್ದರೆ ಪ್ರಾಣಿಗೆ ಸೌಖ್ಯವಿಲ್ಲ ಅಥವಾ ಸೆಕೆ ವಿಪರೀತ. ಚಪ್ಪಟೆ ತಟ್ಟೆಯಂತೆ ಹಾಸಿಕೊಂಡಿದ್ದರೆ ಹಿತವಾಗಿದೆ. ಸುತ್ತ ಗೋಡೆ ಎಬ್ಬಿಸಿ ಮೇಲೆ ಗುಮ್ಮಟದಂತೆ ಮುಚ್ಚಿಕೊಂಡಿದ್ದರೆ ಕೇಜು ತಣ್ಣಗಿದೆ. ಔಷಧ ಕೊಟ್ಟ ಮೇಲೆ ಚೆನ್ನಾದ ಗೂಡು ಕಟ್ಟುತ್ತಿದ್ದ ಸುಂಡಿಲಿ ಕಟ್ಟುವುದನ್ನು ನಿಲ್ಲಿಸಿದರೆ, ತೂಕ ಇಳಿಯುವ ಮೊದಲೇ ಸಿಗುವ ಸುಳಿವು ಅದು. ಹತ್ತಿ ಬೇಡ. ಅದರ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತದೆ. ತಿಪಟೂರು ಕಡೆ ಸುಲಭಕ್ಕೆ ಸಿಗುತ್ತದೆ ಅಂತ ಉದ್ದನೆಯ ತೆಂಗಿನ ನಾರು ಹಾಕುವುದಕ್ಕೂ ಅದೇ ಆಕ್ಷೇಪ.

ಬಿಸಿ ಹೆಚ್ಚಾದಾಗಿನ ಕಥೆ ಬೇರೆ. ನಮ್ಮ ಹಾಗೆ ಬೆವರಿ ತಣ್ಣಗಾಗುವುದು ಇಲಿಗೆ ಆಗದು. ಬಾಲದ ರಕ್ತನಾಳ ಹಿಗ್ಗಿಸಿ ಬಿಸಿ ಹೊರಹಾಕುತ್ತದೆ, ಸಾಲದಿದ್ದರೆ ಎಂಜಲನ್ನು ಮೈಗೆ ಹಚ್ಚಿಕೊಳ್ಳುತ್ತದೆ. ಕತ್ತು, ಎದೆಯ ಕೂದಲು ಒದ್ದೆಯಾಗಿ, ಇಲಿಗಳು ಒಂದಕ್ಕೊಂದು ದೂರ ಸರಿದು ಹೊಟ್ಟೆ ಚಾಚಿ ಮಲಗಿದ್ದರೆ ಗೋಡೆಯ ಮಾಪಕ ನೋಡಲು ಹೋಗಬೇಡಿ. ಕೇಜುಗಳನ್ನು ದೂರದೂರ ಸರಿಸಿ, ಮೇಲೆ ಫಿಲ್ಟರ್ ಮುಚ್ಚಳ ಇದ್ದರೆ ತೆಗೆಯಿರಿ, ಐಸ್ ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕೇಜಿನ ಹೊರಮೈಗೆ ತಾಗಿಸಿಡಿ. ಮೈಮೇಲೆ ನೀರು ಎರಚಬೇಡಿ, ಹೊಟ್ಟು ಒದ್ದೆಯಾಗಿ ಇನ್ನೊಂದು ತಾಪತ್ರಯ ಶುರುವಾಗುತ್ತದೆ. ಬಸುರಿ ಮತ್ತು ದಪ್ಪ ಇಲಿಗಳನ್ನು ಮೊದಲು ನೋಡಿ. ಹಾಗೆಯೇ, ಜನರೇಟರ್ ತಾನಾಗಿ ಚಾಲೂ ಆಗುವ ವ್ಯವಸ್ಥೆ ಇಲ್ಲದ ಕಡೆ ಪ್ರತಿ ಕೇಜಿಗೂ ಗಾಳಿ ಊದುವ ಐವಿಸಿ ರ‍್ಯಾಕು ಕೊಳ್ಳುವುದು ನನ್ನ ಪ್ರಕಾರ ತಪ್ಪು ಖರ್ಚು. ಬ್ಲೋವರ್ ನಿಂತ ಕ್ಷಣದಿಂದ ಅದು ಮುಚ್ಚಿದ ಡಬ್ಬಿ. ಮೊದಲು ಜನರೇಟರ್, ಆಮೇಲೆ ಐವಿಸಿ.

ಜಾಗದ ವಿಷಯ ಬೇಗ ಮುಗಿಸುತ್ತೇನೆ, ಲೆಕ್ಕ ಸುಲಭದ್ದು. ನಮ್ಮಲ್ಲಿ ಸಿಗುವ ಸಾಮಾನ್ಯ ಪಾಲಿಪ್ರೊಪಿಲೀನ್ ಕೇಜು ಇಲಿಗೆ 41 × 28 ಸೆಂ.ಮೀ., ಅಂದರೆ ಸುಮಾರು 1,150 ಚದರ ಸೆಂ.ಮೀ. ಮಾರ್ಗಸೂಚಿ 200 ಗ್ರಾಂವರೆಗಿನ ಇಲಿಗೆ 148.3, 400 ಗ್ರಾಂವರೆಗೆ 258, 500 ಗ್ರಾಂ ದಾಟಿದರೆ 451.5 ಚದರ ಸೆಂ.ಮೀ. ಕೇಳುತ್ತದೆ. 150 ಗ್ರಾಂ ಇಲಿಗಳನ್ನು ತಂದ ದಿನ ಒಂದು ಕೇಜಿಗೆ ಆರು ಹಾಕಿದರೆ ನಿಯಮಕ್ಕೆ ಸರಿ. ತೊಂಬತ್ತು ದಿನದ ಅಧ್ಯಯನದ ನಡುವೆ ಅವು 350 ದಾಟಿದಾಗ ನಾಲ್ಕಕ್ಕಷ್ಟೇ ಜಾಗ. ಆಗ ಬೇರೆ ಮಾಡಿ, ಅಪರಿಚಿತ ಗಂಡುಗಳನ್ನು ಒಟ್ಟಿಗೆ ಹಾಕಿ, ಕಚ್ಚಾಟ ಶುರುವಾಗಿ, ಗಾಯದ ಇಲಿಯನ್ನು ಒಂಟಿ ಮಾಡಿ, ಕೊನೆಗೆ ಗುಂಪಿನ ಸರಾಸರಿಯಲ್ಲಿ ಏನೂ ಉಳಿಯುವುದಿಲ್ಲ. ಕೊನೆಯ ದಿನದ ತೂಕ ಅಂದಾಜಿಸಿ ಮೊದಲ ದಿನವೇ ಮೂರು ಮೂರು ಹಾಕಿ. ಎತ್ತರದ ಬಗ್ಗೆ ಒಂದು ಮಾತು: ಯುರೋಪಿನ 2010ರ ನಿರ್ದೇಶನ ಇಲಿಗೆ ಕನಿಷ್ಠ 18 ಸೆಂ.ಮೀ. ಅನ್ನುತ್ತದೆ, ನಮ್ಮ ಸಾಮಾನ್ಯ ಕೇಜು 15ರ ಹತ್ತಿರ. ಬೆಳೆದ ಇಲಿ ಹಿಂಗಾಲ ಮೇಲೆ ನೆಟ್ಟಗೆ ನಿಲ್ಲಲು 20 ಸೆಂ.ಮೀ. ದಾಟಬೇಕು. ಎರಡರಲ್ಲೂ ಅದು ನಿಲ್ಲಲಾರದು. ಹೊಸ ಕೇಜಿಗೆ ಟೆಂಡರ್ ಕರೆಯುವಾಗ ಬೆಲೆಯ ಜೊತೆ ಎತ್ತರವನ್ನೂ ಬರೆಯಿರಿ.

ಈಗ ಹೊಟ್ಟು. ಹೆಚ್ಚು ಎಡವುವುದು ಇಲ್ಲೇ.

ಭತ್ತದ ಹೊಟ್ಟು ಅಗ್ಗ, ರೈಸ್ ಮಿಲ್ಲಿನಿಂದ ಚೀಲಗಟ್ಟಲೆ ಬರುತ್ತದೆ. ಅದರ ಮೇಲ್ಮೈ ಸಿಲಿಕಾ ತುಂಬಿದ್ದು, ನೀರನ್ನು ಸರಿಯಾಗಿ ಹೀರುವುದಿಲ್ಲ. ಮೂತ್ರ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಚೂಪು ತುದಿ ಮತ್ತು ಧೂಳು ಕಣ್ಣು-ಮೂಗಿಗೆ ಹೋಗುತ್ತವೆ. ಮಿಲ್ಲಿನ ಗೋದಾಮಿನಲ್ಲಿ ಊರ ಇಲಿಗಳು ಓಡಾಡಿರುತ್ತವೆ, ಅವುಗಳ ಮೂತ್ರದ ಜೊತೆ ಇಲಿಜ್ವರ ತರುವ ಲೆಪ್ಟೊಸ್ಪೈರಾ, ಹಿಕ್ಕೆಯ ಜೊತೆ ಜಂತುಹುಳುವಿನ ಮೊಟ್ಟೆ ಬರಬಹುದು. ಆದ್ದರಿಂದ ಕ್ರಮ ಹೀಗೆ: ಮೊದಲು ಜರಡಿ ಹಿಡಿದು ಧೂಳು, ನುಚ್ಚು, ಕಲ್ಲು ತೆಗೆಯಿರಿ. ಬಟ್ಟೆಯ ಚೀಲದಲ್ಲಿ ಸಡಿಲವಾಗಿ, ಮುಕ್ಕಾಲು ಮಾತ್ರ ತುಂಬಿಸಿ. ಗಿಡಿದು ತುಂಬಿದರೆ ನಡುವಿನ ಹೊಟ್ಟಿಗೆ ಹಬೆ ಮುಟ್ಟುವುದೇ ಇಲ್ಲ, ಹೊರಗೆ ಅಂಟಿಸಿದ ಇಂಡಿಕೇಟರ್ ಟೇಪು ಮಾತ್ರ ಬಣ್ಣ ಬದಲಿಸಿ ಎಲ್ಲರನ್ನೂ ಸಮಾಧಾನಪಡಿಸುತ್ತದೆ. ಟೇಪಿನ ಒಂದು ಚೂರನ್ನು ಚೀಲದ ನಡುವೆ ಹುದುಗಿಸಿಡಿ. 121 ಡಿಗ್ರಿ, 15 ಪೌಂಡ್ ಒತ್ತಡ, ಅರ್ಧ ಗಂಟೆ. ತೆಗೆದ ಮೇಲೆ ಪೂರ್ತಿ ಒಣಗಿಸಿ. ಹಸಿಯಾಗಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬೂಷ್ಟು. ಕೇಜಿನಲ್ಲಿ ಕನಿಷ್ಠ 2 ಸೆಂ.ಮೀ. ದಪ್ಪ ಇರಲಿ. ತಳ ಕಾಣುವ ಹಾಗೆ ಉದುರಿಸಿದ್ದು ಹಾಸು ಅಲ್ಲ.

ಮುಸುಕಿನ ಜೋಳದ ದಿಂಡಿನ ಪುಡಿ ಚೆನ್ನಾಗಿ ಹೀರುತ್ತದೆ, ಅಮೋನಿಯಾ ಕಡಿಮೆ. ಆದರೆ ಗಟ್ಟಿ ಹರಳು, ಅದರ ಮೇಲೆ ಇಲಿಗಳ ಗಾಢ ನಿದ್ದೆ ಕಡಿಮೆಯಾಗುತ್ತದೆ. ಅದರಲ್ಲಿರುವ ಕೆಲವು ರಾಸಾಯನಿಕಗಳು ಈಸ್ಟ್ರೋಜನ್ ಸಂಬಂಧಿ ವರ್ತನೆಗಳನ್ನು ಕೆಡಿಸುತ್ತವೆ. ಹಸಿದ ಸುಂಡಿಲಿ ಅದನ್ನು ತಿನ್ನುವುದೂ ಉಂಟು, ಹಾಗಾಗಿ ರಾತ್ರಿ ಉಪವಾಸ ಕೆಡವಿ ಸಕ್ಕರೆ ಅಳೆಯುವ ಪ್ರಯೋಗಕ್ಕೆ ಅದು ಬೇಡ. ಪೈನ್, ಸೀಡರ್ ಮರದ ಹೊಟ್ಟಿನ ಎಣ್ಣೆಯಂಶ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಬಾರ್ಬಿಚುರೇಟ್ ಔಷಧದಿಂದ ಬರುವ ನಿದ್ದೆಯ ಅವಧಿಯನ್ನು ಕಡಿಮೆ ಮಾಡುತ್ತದೆ ಅಂತ 1967ರಲ್ಲೇ ಗೊತ್ತಾಗಿದೆ. ಕೋಲಾರದ ಸಾಮಿಲ್ಲುಗಳಲ್ಲಿ ಬೇಕಾದಷ್ಟು ಇರುವುದು ನೀಲಗಿರಿ. ನೀಲಗಿರಿ ಎಣ್ಣೆಯ ಸಿನಿಯೋಲ್ ಕೂಡ ಇಲಿಯ ಯಕೃತ್ತಿನ ಕಿಣ್ವಗಳನ್ನು ಕೆರಳಿಸುವಂಥದ್ದೇ. ಎಲೆ, ಎಳೆ ಟೊಂಗೆ ಬೆರೆತ ಹೊಟ್ಟು ಹಾಸಿ, ಅದರ ಮೇಲೆ ಯಕೃತ್ತನ್ನು ಕಾಪಾಡುವ ಗಿಡಮೂಲಿಕೆಯ ಕಷಾಯ ಪರೀಕ್ಷಿಸಿದರೆ ಫಲಿತಾಂಶ ಯಾವ ಗಿಡದ್ದು ಅಂತ ಹೇಳುವವರು ಯಾರು? ಪ್ಲೈವುಡ್ ಕೆಲಸದ ಮರಪುಡಿಯಂತೂ ಅಂಟಿನ ಸಮೇತ ಬರುತ್ತದೆ, ಹತ್ತಿರ ಸೇರಿಸಬೇಡಿ. ನನ್ನ ಆಯ್ಕೆ ಕೇಳಿದರೆ ಜರಡಿ ಹಿಡಿದು ಒಣಗಿಸಿದ ಭತ್ತದ ಹೊಟ್ಟು, ಮೇಲೆ ಕಾಗದದ ಗೂಡು, ಬೇಗ ಬದಲಾವಣೆ.

ಎಷ್ಟು ಬೇಗ? ಸುಂಡಿಲಿಗೆ ವಾರಕ್ಕೊಮ್ಮೆ, ಇಲಿಗೆ ವಾರಕ್ಕೆರಡು ಸಲ ಅನ್ನುವುದು ಆರೋಗ್ಯವಂತ ಪ್ರಾಣಿಯ ಮಾತು. ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ನಡೆಯುವುದು ಸ್ಟ್ರೆಪ್ಟೊಝೊಟೊಸಿನ್ ಕೊಟ್ಟು ಮಧುಮೇಹ ತರಿಸುವ ಪ್ರಯೋಗ. ಮಾಮೂಲಿ ಇಲಿ ನೂರು ಗ್ರಾಂ ತೂಕಕ್ಕೆ ದಿನಕ್ಕೆ 10-12 ಮಿ.ಲೀ. ನೀರು ಕುಡಿಯುತ್ತದೆ. ಮಧುಮೇಹ ಬಂದ ಇಲಿ ದಿನಕ್ಕೆ 100 ಮಿ.ಲೀ. ದಾಟುತ್ತದೆ, ಕುಡಿದದ್ದೆಲ್ಲ ಹೊಟ್ಟಿಗೆ. ಮೂರು ಇಲಿಯ ಕೇಜಿಗೆ 300 ಮಿ.ಲೀ. ಬಾಟಲಿ ಒಂದೇ ಇದ್ದರೆ ಬೆಳಗಿನ ಜಾವಕ್ಕೆ ಅದು ಖಾಲಿ. ಅಟೆಂಡರ್ ಬರುವುದು ಒಂಬತ್ತಕ್ಕೆ. ಅಷ್ಟು ಹೊತ್ತು ಬಾಯಾರಿಕೆಯಿಂದ ಇದ್ದ ಪ್ರಾಣಿಯ ರಕ್ತ ತೆಗೆದು ಯೂರಿಯಾ, ಕ್ರಿಯಾಟಿನಿನ್ ಅಳೆದರೆ ಹೆಚ್ಚು ಬರದೆ ಏನಾದೀತು? ಇಂಥ ಗುಂಪಿಗೆ ಕೇಜಿಗೆ ಎರಡು ಬಾಟಲಿ, ಹೊಟ್ಟು ಪ್ರತಿದಿನ ಬದಲು. ಹೋಲಿಕೆಗೆ ಇಟ್ಟ ಆರೋಗ್ಯವಂತ ಗುಂಪಿಗೂ ಪ್ರತಿದಿನವೇ ಬದಲಿಸಿ. ಇಲ್ಲದಿದ್ದರೆ ಎರಡು ಗುಂಪಿನ ನಡುವೆ ಕಾಯಿಲೆಯ ಜೊತೆಗೆ ಮುಟ್ಟುವಿಕೆ, ಗಲಾಟೆ, ಹೊಸ ವಾಸನೆಯ ವ್ಯತ್ಯಾಸವೂ ಸೇರಿಕೊಳ್ಳುತ್ತದೆ.

ಒದ್ದೆ ಹೊಟ್ಟಿನಲ್ಲಿ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮನುಷ್ಯರ ಕೆಲಸದ ಜಾಗಕ್ಕೆ 25 ಪಿಪಿಎಂ ಮಿತಿ ಅಂತ ಇಟ್ಟುಕೊಂಡಿದ್ದೇವೆ, ಅದೂ ಎಂಟು ಗಂಟೆಯ ಪಾಳಿಗೆ. ಇಲಿಗೆ ಪಾಳಿ ಮುಗಿಯುವುದಿಲ್ಲ. ಕೋಣೆಗೆ ಕಾಲಿಟ್ಟಾಗ ಬರುವ ವಾಸನೆ ಕೆಲವೇ ನಿಮಿಷದಲ್ಲಿ ನಮ್ಮ ಮೂಗಿಗೆ ರೂಢಿಯಾಗುತ್ತದೆ, ಅದನ್ನು ನಂಬಬೇಡಿ. ಅಮೋನಿಯಾ ಅಳೆಯುವ ಪಟ್ಟಿಯನ್ನು ಒದ್ದೆ ಮಾಡಿ ಕೇಜಿನೊಳಗೆ, ಹೊಟ್ಟಿನಿಂದ ಎರಡು ಬೆರಳು ಮೇಲೆ ಹಿಡಿಯಿರಿ. ಹೊಟ್ಟು ಬದಲಿಸಿದ ದಿನವಲ್ಲ, ಬದಲಿಸುವ ದಿನ ಬೆಳಿಗ್ಗೆ. ಇಲಿಯ ಶ್ವಾಸಕೋಶದಲ್ಲಿ ಮೈಕೊಪ್ಲಾಸ್ಮಾ ಪಲ್ಮೊನಿಸ್ ಅನ್ನುವ ಬ್ಯಾಕ್ಟೀರಿಯಾ ಸದ್ದಿಲ್ಲದೆ ಕೂತಿದ್ದರೆ ಅಮೋನಿಯಾ ಅದನ್ನು ಕೆರಳಿಸುತ್ತದೆ. ಗೊರಗೊರ ಸದ್ದು, ಸೀನು, ತಲೆ ಒಂದು ಕಡೆ ವಾಲುವುದು ಅದರ ಲಕ್ಷಣ. ಹಾಗಂತ ದಿನ ಬಿಟ್ಟು ದಿನ ಎಲ್ಲ ತೊಳೆದು ಫಳಫಳ ಮಾಡುವುದೂ ಸರಿಯಲ್ಲ. ಗಂಡು ಸುಂಡಿಲಿಗಳು ವಾಸನೆಯಿಂದ ಜಾಗ ಗುರುತಿಟ್ಟುಕೊಂಡಿರುತ್ತವೆ. ಪೂರ್ತಿ ಹೊಸ ಕೇಜಿಗೆ ಹಾಕಿದ ಅರ್ಧ ಗಂಟೆಯಲ್ಲೇ ಜಗಳ. ಮೂತ್ರದ ಹೊಟ್ಟನ್ನು ಪೂರ್ತಿ ಎಸೆದು, ಒಣಗಿದ ಹಳೆಯ ಗೂಡನ್ನು ಮಾತ್ರ ಹೊಸ ಕೇಜಿಗೆ ವರ್ಗಾಯಿಸಿದರೆ ಜಗಳ ಕಡಿಮೆ. ಮರಿ ಹಾಕುವ ಹಿಂದಿನ ಎರಡು ದಿನ, ಹಾಕಿದ ಮೇಲೆ ಕೆಲವು ದಿನ ಕೇಜಿಗೆ ಕೈ ಹಾಕಬೇಡಿ.

ತೊಳೆಯುವ ಸೋಪಿನ ಬಗ್ಗೆ ಉದಾಸೀನ ಬೇಡ ಅನ್ನುವುದಕ್ಕೆ ಒಂದು ಪ್ರಸಿದ್ಧ ಪ್ರಸಂಗವಿದೆ. 1998ರಲ್ಲಿ ಅಮೆರಿಕದ ಪೆಟ್ರಿಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ ಯಾವ ಔಷಧವನ್ನೂ ಕೊಡದ ಹೆಣ್ಣು ಸುಂಡಿಲಿಗಳ ಅಂಡಾಣುಗಳಲ್ಲಿ ಇದ್ದಕ್ಕಿದ್ದಂತೆ ವರ್ಣತಂತುಗಳ ದೋಷ ಹೆಚ್ಚಿತು. ಕಾರಣ ಹುಡುಕಿದರೆ, ನೆಲ ಒರೆಸುವ ಕ್ಷಾರದ ದ್ರಾವಣದಲ್ಲಿ ಪಾಲಿಕಾರ್ಬೊನೇಟ್ ಕೇಜು-ಬಾಟಲಿಗಳನ್ನು ತೊಳೆದಿದ್ದರು; ಪ್ಲಾಸ್ಟಿಕ್ ಕರಗಿ, ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ಬಿಸ್ಫಿನಾಲ್-ಎ ಹೊರಬಂದಿತ್ತು. 2003ರಲ್ಲಿ ಅದು ಪ್ರಕಟವಾಯಿತು. ಕೇಜು ಮಂಜು ಮಂಜಾದರೆ, ಸಣ್ಣ ಬಿರುಕು ಬಿಟ್ಟರೆ ಎಸೆಯಿರಿ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗಳ ತೊಂದರೆ ನಮ್ಮದೇ. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಕುಡಿಯುವ ನೀರಿಗೆ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಇಲಿಯ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಆರೋಗ್ಯದಲ್ಲಿ ಅದು ಕಿತ್ತಳೆ-ಹಳದಿ. ಫ್ಲೋರೈಡ್ ಹೆಚ್ಚಾದರೆ ಬಣ್ಣ ಕಳೆದು ಅಡ್ಡ ಪಟ್ಟೆಗಳು ಮೂಡುತ್ತವೆ. ಹಲ್ಲು ಬಿಳಿಚಿದ್ದರೆ ನೀರನ್ನು ಪರೀಕ್ಷೆಗೆ ಕಳಿಸಿ. ಮೇಲೆ ಹೇಳಿದ ಮಧುಮೇಹದ ಇಲಿ ಮಾಮೂಲಿಗಿಂತ ಮೂರು-ನಾಲ್ಕು ಪಟ್ಟು ನೀರು ಕುಡಿಯುವುದರಿಂದ ಅದಕ್ಕೆ ಫ್ಲೋರೈಡೂ ಅಷ್ಟೇ ಪಟ್ಟು ಸೇರುತ್ತದೆ, ಹೋಲಿಕೆಯ ಗುಂಪಿಗೆ ಅಷ್ಟು ಸೇರುವುದಿಲ್ಲ. ಮೂತ್ರಪಿಂಡದ ಹಾನಿಯನ್ನು ಮಧುಮೇಹದ ಖಾತೆಗೆ ಬರೆಯುವ ಮೊದಲು ಇದನ್ನು ಯೋಚಿಸಬೇಕು.

ಹಾಗಾಗಿ ಆರ್‌ಒ ನೀರೇ ಸರಿ. ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಬಾಟಲಿಯಲ್ಲಿ ಸೂಡೊಮೋನಾಸ್ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಒಂದೋ ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿ ಪಿಎಚ್ 2.5ರಿಂದ 3.0ಕ್ಕೆ ತನ್ನಿ, ಇಲ್ಲವೇ ಕ್ಲೋರಿನ್ ಹಾಕಿ. ಎರಡನ್ನೂ ಒಟ್ಟಿಗೆ ಸುರಿಯಬೇಡಿ, ವಿಷದ ಗಾಳಿ ಏಳುತ್ತದೆ. ಬಾಟಲಿಗೆ ಹಳೆಯ ನೀರಿನ ಮೇಲೆ ಹೊಸ ನೀರು ತುಂಬುವ ಅಭ್ಯಾಸವನ್ನು ಬಿಡಿಸಿ. ಗಡಸು ನೀರು ಬಳಸುತ್ತಿದ್ದ ಕಡೆ ನಳಿಗೆಯ ತುದಿಯ ಸಣ್ಣ ಗುಂಡಿನ ಸುತ್ತ ಸುಣ್ಣ ಕಟ್ಟಿ ನೀರು ಇಳಿಯುವುದಿಲ್ಲ. ಬಾಟಲಿ ತುಂಬಿಯೇ ಕಾಣುತ್ತದೆ, ಪ್ರಾಣಿ ಒಣಗುತ್ತದೆ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ರಾತ್ರಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಹಾಕುವ ಮುನ್ನ ಬೆರಳಲ್ಲಿ ಗುಂಡು ಒತ್ತಿ ಹನಿ ಬರುವುದನ್ನು ನೋಡಿ. ತದ್ವಿರುದ್ಧದ ದೋಷವೂ ಇದೆ: ಬಿರಡೆ ಸಡಿಲವಿದ್ದರೆ ರಾತ್ರೋರಾತ್ರಿ ಬಾಟಲಿ ಪೂರ್ತಿ ಸೋರಿ, ಕೂದಲು ಬಾರದ ಮರಿಗಳು ಒದ್ದೆಯಲ್ಲಿ ತಣ್ಣಗಾಗಿ ಸಾಯುತ್ತವೆ.

ಬೆಳಕು ಹನ್ನೆರಡು ಗಂಟೆ, ಕತ್ತಲೆ ಹನ್ನೆರಡು ಗಂಟೆ, ಅದಕ್ಕೊಂದು ಟೈಮರ್. ಚಕ್ರ ತಿರುಗುವ ಹಳೆಯ ಟೈಮರ್ ಆಗಿದ್ದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಮೂರು ಗಂಟೆ ಕರೆಂಟ್ ಹೋಗಿದ್ದರೆ ಅಂದಿನಿಂದ ಇಲಿಗಳ ಬೆಳಗು ಮೂರು ಗಂಟೆ ತಡ. ಬೇಸಿಗೆ ಮುಗಿಯುವಷ್ಟರಲ್ಲಿ ಹಗಲು-ರಾತ್ರಿ ಅದಲುಬದಲಾಗಿ, ಹಾರ್ಮೋನು ಅಳೆಯುವ ಪ್ರಯೋಗವೆಲ್ಲ ಹೊಳೆಗೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ, ವಾರಕ್ಕೊಮ್ಮೆ ಗಡಿಯಾರಕ್ಕೆ ಸರಿಯಿದೆಯೇ ನೋಡಿ. ಬಿಳಿ ಇಲಿಯ ಕಣ್ಣಿನಲ್ಲಿ ಬಣ್ಣವಿಲ್ಲ, ಜೋರು ಬೆಳಕು ಅಕ್ಷಿಪಟಲವನ್ನೇ ಸುಡುತ್ತದೆ. ಕೋಣೆಯಲ್ಲಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ 325 ಲಕ್ಸ್ ಸಾಕು. ಮೇಲಿನ ತಟ್ಟೆಯ ಕೇಜಿಗೆ ಟ್ಯೂಬ್‌ಲೈಟ್ ಒಂದಡಿ ದೂರದಲ್ಲಿದ್ದರೆ ಆ ಅಂಕಿಗೆ ಅರ್ಥವಿಲ್ಲ. ರ‍್ಯಾಕಿನ ತಲೆಗೆ ಒಂದು ಹಲಗೆ ಮುಚ್ಚಿ, ಒಂದು ಗುಂಪಿನ ಕೇಜುಗಳೆಲ್ಲ ಒಂದೇ ತಟ್ಟೆಯಲ್ಲಿ ಇರದಂತೆ ಹಂಚಿಡಿ. ಕಿಟಕಿಯ ಸಂದಿಯಿಂದ ರಾತ್ರಿ ಬೀದಿದೀಪ ಬರುತ್ತಿದ್ದರೆ ಅದು ಕತ್ತಲೆಯಲ್ಲ. ಅತಿ ಕ್ಷೀಣ ಬೆಳಕೂ ಕತ್ತಲೆಯಲ್ಲಿ ಮೈಯಲ್ಲಿ ಏರುವ ಮೆಲಟೊನಿನ್ ಹಾರ್ಮೋನನ್ನು ತಗ್ಗಿಸಿ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಹೆಚ್ಚಿಸಿದ್ದು ದಾಖಲಾಗಿದೆ.

ಸದ್ದಿನ ಮಿತಿ 85 ಡೆಸಿಬಲ್ ಅನ್ನುವುದು ನಮ್ಮ ಕಿವಿಯ ಲೆಕ್ಕ. ನಮಗೆ 20 ಕಿಲೋಹರ್ಟ್ಸ್ ಮೇಲೆ ಕೇಳುವುದಿಲ್ಲ, ಇಲಿಗೆ 70-80ರವರೆಗೂ ಕೇಳುತ್ತದೆ. ಸೋರುವ ನಲ್ಲಿ, ಕೀರಲು ಟ್ರಾಲಿ ಚಕ್ರ, ಉಕ್ಕಿನ ಮುಚ್ಚಳದ ತಿಕ್ಕಾಟ ನಮಗೆ ಸಣ್ಣದು, ಅವಕ್ಕೆ ಕಿರುಚಾಟ. ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ವಾರಿ ಹತ್ತಿರವಿದ್ದರೆ, ಅಥವಾ ಕಾಂಪೌಂಡಿನಲ್ಲೇ ಬೋರ್ ಕೊರೆಸುತ್ತಿದ್ದರೆ, ಸದ್ದಿಗಿಂತ ನೆಲದ ಕಂಪನ ಕೆಟ್ಟದ್ದು. ತಾಯಿ ಇಲಿ ಮರಿ ತಿನ್ನುವುದು, ಬಸಿರು ನಿಲ್ಲದಿರುವುದು ಇಂಥ ವಾರಗಳಲ್ಲೇ. ರ‍್ಯಾಕಿನ ಕಾಲಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿ, ಗೋಡೆಯಿಂದ ದೂರ ಸರಿಸಿ. ಗಣೇಶನ ಮೆರವಣಿಗೆಯ ಡಿಜೆ, ದೀಪಾವಳಿಯ ಪಟಾಕಿ ಇರುವ ವಾರ ಆತಂಕ ಅಳೆಯುವ ಮೇಜ್ (ಕವಲುದಾರಿಯ ಚೌಕಟ್ಟು) ಪ್ರಯೋಗ ಇಟ್ಟುಕೊಳ್ಳಬೇಡಿ.

ಕೇಜಿನೊಳಗೆ ಏನಾದರೂ ಇರಬೇಕು ಅನ್ನುವುದಕ್ಕೆ ವಿದೇಶಿ ಕೆಂಪು ಗುಡಿಸಲು ತರಿಸಬೇಕಿಲ್ಲ. ಇಲಿಗೆ 75 ಮಿ.ಮೀ. ಪಿವಿಸಿ ಪೈಪಿನ 15 ಸೆಂ.ಮೀ. ತುಂಡು, ದೊಡ್ಡ ಗಂಡಿಗೆ 110 ಮಿ.ಮೀ. ಪೈಪು, ಅಂಚನ್ನು ಉಪ್ಪುಕಾಗದದಿಂದ ನಯ ಮಾಡಿ. ಪಿವಿಸಿಯನ್ನು ಆಟೋಕ್ಲೇವಿಗೆ ಹಾಕಿದರೆ ಸೊಟ್ಟಗಾಗಿ ಬರುತ್ತದೆ, ಸೋಪುನೀರು ಮತ್ತು ಸೋಂಕುನಿವಾರಕವೇ ಸಾಕು. ಸುಂಡಿಲಿಗೆ ತೆಂಗಿನ ಚಿಪ್ಪಿನ ಅರ್ಧ ಹೋಳು ಬಹಳ ಚೆನ್ನ: ಕಾಯಿಯ ತುಣುಕು ಒಂದೂ ಉಳಿಯದಂತೆ ಕೆರೆದು, ಕುದಿಸಿ, ಒಣಗಿಸಿ, ಅಂಚಿನಲ್ಲಿ ಎದುರುಬದುರು ಎರಡು ಬಾಗಿಲು ಕೊರೆಯಿರಿ. ಒಂದೇ ಬಾಗಿಲು ಇಟ್ಟರೆ ಬಲಿಷ್ಠ ಗಂಡು ಒಳಗೆ ಕೂತು ಉಳಿದವನ್ನು ಬಿಡುವುದಿಲ್ಲ. ಚಿಪ್ಪು ಆಟೋಕ್ಲೇವ್ ತಡೆಯುತ್ತದೆ. ಏನೇ ಹಾಕಿದರೂ ಪ್ರಯೋಗದ ಎಲ್ಲ ಕೇಜಿಗೂ ಒಂದೇ ಥರ, ಮೊದಲ ದಿನದಿಂದ.

50 ಮಿ.ಮೀ. ಅಗಲದ ಪಿವಿಸಿ ಪೈಪಿನ ತುಂಡಿನಿಂದ ಸುಂಡಿಲಿಯನ್ನು ಎತ್ತಬಹುದು. ಬಾಲ ಹಿಡಿದು ಎತ್ತಿದ ಸುಂಡಿಲಿಗಿಂತ ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದ್ದು ಕಡಿಮೆ ಆತಂಕ ತೋರುತ್ತದೆ ಅಂತ 2010ರಲ್ಲಿ ಹರ್ಸ್ಟ್ ಮತ್ತು ವೆಸ್ಟ್ ತೋರಿಸಿದರು. ಎರಡು-ಮೂರು ದಿನದ ರೂಢಿ ಸಾಕು. ಸಮಯ ಹೆಚ್ಚು ಹಿಡಿಯುತ್ತದೆ ಅನ್ನುವ ಆಕ್ಷೇಪ ಮೊದಲ ವಾರದ್ದು ಮಾತ್ರ.

ಆಹಾರದ ಬಗ್ಗೆ ಎರಡೇ ಮಾತು. ಪೆಲೆಟ್ಟಿನಲ್ಲಿ ಕಡಲೆಕಾಯಿ ಹಿಂಡಿ ಇದ್ದರೆ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ವರದಿ ಕೇಳಿ, ಚೀಲವನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಗಿನಿಪಿಗ್‌ಗೆ ವಿಟಮಿನ್ ಸಿ ಮೈಯಲ್ಲೇ ತಯಾರಾಗುವುದಿಲ್ಲ. ಇಲಿಯ ಪೆಲೆಟ್ಟನ್ನೇ ಹಾಕುತ್ತಿದ್ದರೆ ಕೆಲವು ವಾರದಲ್ಲಿ ಕೀಲು ಊದಿ ನಡೆಯಲಾರದು. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಒಳ್ಳೆಯದು, ಆದರೆ ಔಷಧಿ ಹೊಡೆಯದ ಹೊಲದ್ದೇ ಆಗಬೇಕು.

ಬೆಳಗಿನ ಸುತ್ತಿನಲ್ಲಿ ಒಂದು ಕೇಜಿಗೆ ಅರ್ಧ ನಿಮಿಷ ಕೊಡಿ. ಎಳೆಯುವ ಮೊದಲು ನಿಂತು ನೋಡಿ: ಬಾಟಲಿ ನಿನ್ನೆಯ ಗೆರೆಯಿಂದ ಎಷ್ಟು ಇಳಿದಿದೆ? ಇಳಿಯದೇ ಇದ್ದರೆ ಅದೇ ದೊಡ್ಡ ಸುದ್ದಿ. ನಿಧಾನಕ್ಕೆ ಎಳೆಯಿರಿ. ಆರೋಗ್ಯವಂತ ಇಲಿಗಳು ಮೂಗು ಎತ್ತಿ ಮುಂದೆ ಬರುತ್ತವೆ. ಒಂದು ಮಾತ್ರ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕೂದಲು ನಿಗುರಿಸಿ, ಕಣ್ಣು ಅರೆಮುಚ್ಚಿ ಕೂತಿದ್ದರೆ ಅದನ್ನು ಎತ್ತಿ. ಕಣ್ಣು-ಮೂಗಿನ ಸುತ್ತ ಕೆಂಪು ಹುಡಿ ರಕ್ತವಲ್ಲ, ಕಣ್ಣಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅನ್ನುವ ಬಣ್ಣ. ಇಲಿ ಕಷ್ಟದಲ್ಲಿದ್ದು ಮುಖ ತೊಳೆದುಕೊಳ್ಳುವುದನ್ನು ಬಿಟ್ಟಿದೆ ಅಂತ ಅರ್ಥ. ಬೆನ್ನುಹುರಿಯ ಮೇಲೆ ಬೆರಳಾಡಿಸಿ. ಮೂಳೆ ಗಂಟು ಗಂಟಾಗಿ ಸಿಕ್ಕರೆ ತೂಕ ಮಾಡಿ. ಶೇ. 20 ಇಳಿದಿದ್ದರೆ ನೈತಿಕ ಸಮಿತಿಗೆ ಬರೆದುಕೊಟ್ಟ ಕೊನೆಯ ಹಂತ, ಅಂದರೆ ಪ್ರಾಣಿಯನ್ನು ಪ್ರಯೋಗದಿಂದ ತೆಗೆಯಬೇಕಾದ ಹಂತ, ಅದೇ ಆಗಿರುತ್ತದೆ, ‘ಇನ್ನೆರಡು ದಿನ ನೋಡೋಣ’ ಅನ್ನುವಂತಿಲ್ಲ. ಪ್ರಬಂಧ ಬರೆಯುವಾಗ ‘ಪ್ರಮಾಣಿತ ಪ್ರಯೋಗಾಲಯ ಸ್ಥಿತಿಯಲ್ಲಿ ಸಾಕಲಾಯಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಯಾವ ಹಾಸು, ಎಷ್ಟು ದಿನಕ್ಕೆ ಬದಲು, ಕೇಜಿಗೆ ಎಷ್ಟು ಪ್ರಾಣಿ, ಗೂಡಿಗೆ ಏನು, ಯಾವ ನೀರು, ಕನಿಷ್ಠ-ಗರಿಷ್ಠ ಉಷ್ಣಾಂಶ ಎಷ್ಟು ಅಂತ ಬರೆಯಿರಿ. ಪ್ರಾಣಿ ಪ್ರಯೋಗದ ವರದಿ ಹೇಗಿರಬೇಕು ಅಂತ ಹೇಳುವ 2010ರ ಅರೈವ್ ಮಾರ್ಗಸೂಚಿ, 2020ರ ಅದರ ಪರಿಷ್ಕರಣೆ ಕೇಳುವುದೂ ಅದನ್ನೇ.

ಕೊನೆಗೆ ರಜೆಯ ಡ್ಯೂಟಿ. ಯುಗಾದಿ, ಮರುದಿನ ವರ್ಷತೊಡಕು, ಅದಕ್ಕೊಂದು ಭಾನುವಾರ ತಾಗಿದರೆ ಮೂರು ದಿನ ಯಾರೂ ಬರುವುದಿಲ್ಲ, ಅದೂ ಸೆಕೆ ಏರುವ ಕಾಲದಲ್ಲಿ. ಹೊರಗುತ್ತಿಗೆಯ ಅಟೆಂಡರಿಗೂ ಮನೆಯಲ್ಲಿ ಬಾಡೂಟ ಇರುತ್ತದೆ, ಅವರೊಬ್ಬರ ಮೇಲೇ ಹಾಕುವುದು ನ್ಯಾಯವಲ್ಲ. ಪ್ರಯೋಗ ಯಾರದೋ ಆ ವಿದ್ಯಾರ್ಥಿಗಳ ಹೆಸರನ್ನೂ ಸೇರಿಸಿ ಹಬ್ಬಕ್ಕೆ ಹದಿನೈದು ದಿನ ಮೊದಲೇ ಪಟ್ಟಿ ಮಾಡಿ, ದಿನಕ್ಕೆ ಎರಡು ಸುತ್ತು, ಸಂಜೆಯದ್ದು ಆರರ ಮೇಲೆ. ಬದಲಿಗೆ ಬರುವವರಿಗೆ ಒಮ್ಮೆ ಜೊತೆಗೆ ನಿಂತು ತೋರಿಸಿ: ಮಧುಮೇಹದ ಗುಂಪಿನ ಕೇಜು ಯಾವುವು, ಎರಡನೇ ಬಾಟಲಿ ಎಲ್ಲಿದೆ, ಮರಿ ಹಾಕಲಿರುವ ಯಾವ ಕೇಜನ್ನು ಮುಟ್ಟಬಾರದು, ಜನರೇಟರ್ ಕೋಣೆಯ ಬೀಗದ ಕೈ ಯಾರ ಹತ್ತಿರ.